ಎಲ್ಲ ಬೆರಳಿಗೂ ಹಂಚಿದ ತಪ್ಪು

ಅರಸೀಕೆರೆ
14 ಜೂನ್ 1981

ಕೊಟ್ಟೂರಿನ ಟೈಪಿಂಗ್ ಕ್ಲಾಸಿನ ಶಿವಯೋಗಪ್ಪ ಮಾಸ್ತರರಿಗೆ,

ಅರಸೀಕೆರಿಯಿಂದ ಪಾಲಾಕ್ಷಪ್ಪ ಬರೆದ ಕಾಗದ. ನನ್ನ ಮುಖ ನೀವು ನೋಡಿಲ್ಲ. ಎರಡು ತಿಂಗಳಿಂದ ನಿಮ್ಮಲ್ಲಿ ಕಲಿಯಾಕ ಬರ್ತಾಳಲ್ಲ ಕನಕಮ್ಮ, ಆಕಿ ತಂದಿ ನಾನು. ಏಳನೇ ಕ್ಲಾಸಿನ ಮುಲ್ಕಿ ತನಕ ಓದೀನಿ. ಬಾಯಿಗೆ ಬಂದಂಗ ಬರೀತೀನಿ, ತಪ್ಪು ತಿಳೀಬ್ಯಾಡ್ರಿ.

ನಮ್ಮ ಅಳಿಯ ಮೈಲಪ್ಪ ಹಗರಿಬೊಮ್ಮನಹಳ್ಳಿ ಕಚೇರಿಯಾಗ ಗುಮಾಸ್ತ ಇದ್ದ. ಹೋದ ವರ್ಷ ಕಾಮಣಿ ಜಡ್ಡು ಬಂದು ತೀರಿಕೊಂಡ. ಮಕ್ಕಳಿಲ್ಲ, ಅತ್ತಿ-ಮಾವ ಮೊದಲೇ ಇಲ್ಲ. ಕನಕಮ್ಮ ಎಸ್ಸೆಸ್ಸೆಲ್ಸಿ ಪಾಸಾದಾಕಿ. ಗಂಡನ ಜಾಗ ಹೆಂಡ್ತಿಗೆ ಕೊಡ್ತೀವಿ, ಕನ್ನಡ ಟೈಪಿಂಗ್ ಜೂನಿಯರ್ ಪಾಸ್ ಮಾಡಿಕೊಂಡು ಬರ್ಲಿ ಅಂತ ಕಚೇರಿಯವರು ಎರಡು ವರ್ಷ ಗಡುವು ಕೊಟ್ಟಾರ. ಅದಕ್ಕ ಆಕಿನ್ನ ಕೊಟ್ಟೂರಾಗ ನನ್ನ ತಂಗಿ ಭರಮಮ್ಮನ ಮನಿಯಾಗ ಇಟ್ಟೀನಿ.

ಭರಮಮ್ಮ ಹೇಳಿ ಕಳಿಸ್ಯಾಳ, ಹುಡುಗಿ ಕ್ಲಾಸಿಗೆ ಹೋಗ್ತಾಳ ಬರ್ತಾಳ, ಆದ್ರ ಕಲಿಯೋ ಲಕ್ಷಣ ಕಾಣಂಗಿಲ್ಲ ಅಂತ. ಬಿತ್ತಿಗಿ ಕಾಲ, ಕುರಿ ಬ್ಯಾರೆ ಮರಿ ಹಾಕ್ಯಾವ, ನಾನು ಬರಾಕ ಆಗಂಗಿಲ್ಲ. ನಮ್ಮ ವಂಶದಾಗ ಸರಕಾರದ ಪಗಾರ ತಗೊಂಡವರು ಒಬ್ಬರೂ ಇಲ್ಲ. ಆಕಿಗೆ ಈ ನೌಕರಿ ಸಿಕ್ಕರ ನಾನು ಕಣ್ಣು ಮುಚ್ಚಿದ ಮ್ಯಾಲೆ ಯಾರ ಬಾಗಿಲಾಗೂ ನಿಲ್ಲೋದು ಬರಂಗಿಲ್ಲ. ಇದೊಂದು ನೀವು ನಡೆಸಿಕೊಡಬೇಕು. ಆಕಿ ಹೆಂಗದಾಳ, ಇದ್ದದ್ದು ಇದ್ದಂಗ ಬರೀರಿ.

ನಿಮ್ಮ ವಿಶ್ವಾಸದ,
ಪಾಲಾಕ್ಷಪ್ಪ


ಕೊಟ್ಟೂರು
25 ಜೂನ್ 1981

ಶ್ರೀ ಪಾಲಾಕ್ಷಪ್ಪನವರಿಗೆ,

ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದಿದ್ದೀರಿ. ಬರೆಯುತ್ತೇನೆ. ನಿಮ್ಮ ಮಗಳಿಗೆ ಬೆರಳಿದೆ, ಬುದ್ಧಿಯೂ ಇದೆ. ಮನಸ್ಸಿಲ್ಲ.

ಹೊತ್ತಿಗೆ ಸರಿಯಾಗಿ ಬರುತ್ತಾಳೆ. ಕಿಟಕಿ ಪಕ್ಕದ ಮಷೀನಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. ಹಾಳೆ ಏರಿಸುತ್ತಾಳೆ. ಒಂದು ಸಾಲು ಹೊಡೆದು ನಿಲ್ಲಿಸುತ್ತಾಳೆ. ಕೆಳಗೆ ಬೀದಿಯಲ್ಲಿ ಗಾಡಿ ಹೋದರೆ ಅದರ ಹಿಂದೆಯೇ ಕಣ್ಣು ಹೋಗುತ್ತದೆ. "ಯಾಕಮ್ಮ ನಿಲ್ಲಿಸಿದೆ?" ಎಂದರೆ, "ಹೊಡಿತೀನ್ರಿ ಸರ" ಎನ್ನುತ್ತಾಳೆ. ಆಮೇಲೆ ಇನ್ನೊಂದು ಸಾಲು. ಎದುರು ಮಾತಾಡುವುದಿಲ್ಲ, ಕಣ್ಣೀರು ಹಾಕುವುದಿಲ್ಲ, ರಜೆ ಕೇಳುವುದಿಲ್ಲ. ಇಂಥವರನ್ನು ಬೈಯಲು ಬರುವುದಿಲ್ಲ. ಜಗಳವಾಡುವ ವಿದ್ಯಾರ್ಥಿಯನ್ನು ನಾನು ಎರಡು ವಾರದಲ್ಲಿ ದಾರಿಗೆ ತರುತ್ತೇನೆ. ಹೂಂಗುಟ್ಟುವವರು ಕಷ್ಟ.

ನಮ್ಮ ಬಾಗಿಲ ಮೇಲೆ ಒಂದು ಬೋರ್ಡಿದೆ, 'ಪಾಸಾಗುವ ತನಕ ಕಲಿಸಲಾಗುವುದು' ಎಂದು. ಹೊಸದಾಗಿ ಕ್ಲಾಸು ತೆರೆದಾಗ ಹುರುಪಿನಲ್ಲಿ ಬರೆಸಿದ್ದು. ಅಂದಿನಿಂದ ಅದು ನನ್ನ ಕೊರಳಿಗೇ ಬಿದ್ದಿದೆ. ಆದ್ದರಿಂದ ನೀವು ಚಿಂತಿಸಬೇಡಿ. ನಾಳೆಯಿಂದ ಕೀಲಿಗಳ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿ ಅದರೊಳಗೆ ಕೈ ಇಟ್ಟು ಹೊಡೆಸುತ್ತೇನೆ. ಕಣ್ಣಿಗೆ ಕೀಲಿ ಕಾಣದಿದ್ದರೆ ಬೆರಳು ತಾನಾಗಿ ದಾರಿ ಕಲಿಯುತ್ತದೆ.

ಇಂತಿ,
ಶಿವಯೋಗಪ್ಪ


ಅರಸೀಕೆರೆ
19 ಜುಲೈ 1981

ಮಾಸ್ತರರಿಗೆ ಪಾಲಾಕ್ಷಪ್ಪನ ಶರಣು.

ನಿಮ್ಮ ಕಾಗದ ಓದಿ ಸಮಾಧಾನ ಆತು, ಸಂಕಟಾನೂ ಆತು. ಆಕಿಗೆ ಇನ್ನೂ ಗಂಡನ ದುಃಖ ಆರಿಲ್ಲ, ಅದಕ್ಕ ಮನಸ್ಸು ನಿಲ್ಲಂಗಿಲ್ಲ. ಮೈಲಪ್ಪ ಅಂಥ ಮನುಷ್ಯ ಇದ್ದ. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಹಬ್ಬಕ್ಕ ಬಂದ್ರ ನನ್ನ ಸಂಗಾಟ ಕುರಿ ಹಟ್ಟಿಗೂ ಬರ್ತಿದ್ದ. ಆಕಿ ಮುಂದ ಅವನ ಮಾತು ತಗೀರಿ ಮಾಸ್ತರ್ರೆ. 'ಗಂಡ ಕುಂತ ಕುರ್ಚಿ ಐತಿ, ಆ ಕುರ್ಚಿ ಮರ್ಯಾದಿ ನೀನು ಉಳಿಸಬೇಕು' ಅಂತ ಹೇಳ್ರಿ. ನಾನು ಹೋದಾಗೊಮ್ಮೆ ಇದನ್ನ ಹೇಳ್ತೀನಿ, ಭರಮಮ್ಮನೂ ದಿನಾ ಹೇಳ್ತಾಳ. ನೀವೂ ಹೇಳಿದ್ರ ತಟ್ಟಬಹುದು.

ಬೈಬೇಕಂದ್ರ ಬೈರಿ. ನಂದೇನೂ ತಕರಾರಿಲ್ಲ.

ಪಾಲಾಕ್ಷಪ್ಪ


ಕೊಟ್ಟೂರು
21 ಅಕ್ಟೋಬರ್ 1981

ಶ್ರೀ ಪಾಲಾಕ್ಷಪ್ಪನವರಿಗೆ,

ಆಗಸ್ಟ್ ಪರೀಕ್ಷೆಯ ಫಲಿತಾಂಶ ಬಂತು. ಕನಕಮ್ಮ ಪಾಸಾಗಿಲ್ಲ. ನಮ್ಮಿಂದ ಹೋದವರಲ್ಲಿ ಫೇಲಾದದ್ದು ಆಕೆಯೊಬ್ಬಳೇ.

ನೀವು ಹೇಳಿದಂತೆ ಅವಳ ಗಂಡನ ಮಾತು ತೆಗೆದು ನೋಡಿದೆ. ಕುರ್ಚಿಯ ಮರ್ಯಾದೆಯನ್ನೂ ಹೇಳಿದೆ. ತಲೆಯಾಡಿಸಿ ಕೇಳಿಕೊಂಡಳು. ಅವತ್ತಿನ ಹಾಳೆಯಲ್ಲಿ ಹಿಂದಿನ ದಿನಕ್ಕಿಂತ ಹೆಚ್ಚು ತಪ್ಪಿದ್ದವು. ದುಃಖವೇ ಇರಬಹುದೆಂದು ಎರಡು ವಾರ ಸುಮ್ಮನೆ ಬಿಟ್ಟೆ. ಸರಕಾರಿ ಸುತ್ತೋಲೆ ಹೊಡೆದು ಹೊಡೆದು ಬೇಸರವಾಗಿರಬಹುದೆಂದು ಪಂಚತಂತ್ರದ ಕಥೆಯ ಹಾಳೆ ಕೊಟ್ಟೆ. ನರಿಯ ಕಥೆಯಲ್ಲೂ ಅಷ್ಟೇ ತಪ್ಪು.

ಊರಿನವರು ನನ್ನನ್ನು ತಾಳ್ಮೆಯ ಮನುಷ್ಯ ಅನ್ನುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿಕೊಂಡೇ ಬದುಕುವವನು ಅಂತ ನನ್ನ ಹೆಂಡತಿ ಅನ್ನುತ್ತಾಳೆ. ಈ ನಾಲ್ಕು ತಿಂಗಳಲ್ಲಿ ನನಗೆ ಅನುಮಾನ ಬಂದಿದೆ. ನನ್ನ ತಾಳ್ಮೆಯಲ್ಲಿ ಅರ್ಧಕ್ಕರ್ಧ ಆ ಬೋರ್ಡಿನ ಹಠ. ಇವಳು ಫೇಲಾದಾಗ ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಅವಳಿಗಾಗಿ ಬಂದದ್ದಲ್ಲ. ಇದನ್ನು ನಿಮಗೆ ಬರೆಯಬೇಕಾದ ಅಗತ್ಯವಿಲ್ಲ, ಆದರೆ ಮಗಳನ್ನು ನನ್ನ ಕೈಗೆ ಕೊಟ್ಟವರು ನೀವು.

ಫೆಬ್ರವರಿಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಕಟ್ಟಿಸೋಣ.

ಶಿವಯೋಗಪ್ಪ


ಅರಸೀಕೆರೆ
8 ನವೆಂಬರ್ 1981

ಮಾಸ್ತರರಿಗೆ ಶರಣು.

ಸುದ್ದಿ ಕೇಳಿ ಎರಡು ದಿನ ಊಟ ಸೇರಲಿಲ್ಲ. ನಮ್ಮ ಮನಿ ದೇವರು ಮೈಲಾರಲಿಂಗನ್ನ ಚೆನ್ನಾಗಿ ಬೈದೆ, ಮನಸ್ಸು ಹಗುರ ಆತು. ಫೆಬ್ರವರಿಗೆ ಕಟ್ಟಿಸ್ರಿ.

ಒಂದು ಮಾತು ನಿಮಗ ತಿಳಿಸಿರಬೇಕು. ನಮ್ಮ ಜನದಾಗ ಗಂಡ ಸತ್ತಾಕಿಗೆ ಉಡಿಕಿ ಮಾಡೋದು ಹಿಂದಿನಿಂದ ನಡಕೊಂಡು ಬಂದೈತಿ. ಹೊಸ ಸೀರಿ ಉಡಿಸಿ ಇನ್ನೊಬ್ಬನ ಮನಿ ತುಂಬಿಸ್ತೀವಿ, ಅದರಾಗ ಅವಮಾನ ಇಲ್ಲ. ಆದ್ರ ಕನಕಮ್ಮನ ವಿಷಯದಾಗ ಅದರ ಮಾತಿಲ್ಲ. ನೌಕರಿ ಅರ್ಜಿ ಹಾಕುವಾಗ 'ಮರುಮದುವೆ ಆಗಿಲ್ಲ' ಅಂತ ಬರಕೊಡಬೇಕು ಅಂದ್ರು, ನಾನ ಮುಂದ ನಿಂತು ಬರೆಸಿ ಕೊಟ್ಟೀನಿ. ಸರಕಾರಕ್ಕ ಬರಕೊಟ್ಟ ಮಾತು ಅಂದ್ರ ದೇವರ ಮುಂದ ಭಂಡಾರ ಮುಟ್ಟಿ ಕೊಟ್ಟ ಭಾಷೆ ಇದ್ದಂಗ. ಕೊಟ್ಟ ಮ್ಯಾಲೆ ಜೀವ ಇರೋ ತನಕ ಕೊಟ್ಟಂಗ. ಭರಮಮ್ಮ ಒಮ್ಮೊಮ್ಮೆ ಗೊಣಗ್ತಾಳ. ನಾನು ಆಕಿಗೆ ಹೇಳೀನಿ, ಗಂಡು ಸಾಯ್ತಾನ, ಸರಕಾರ ಸಾಯಂಗಿಲ್ಲ ಅಂತ.

ಇಷ್ಟ ಐತಿ ನೋಡ್ರಿ, ಬ್ಯಾರೆ ಏನೂ ಇಲ್ಲ.

ಪಾಲಾಕ್ಷಪ್ಪ


ಕೊಟ್ಟೂರು
30 ಡಿಸೆಂಬರ್ 1981

ಶ್ರೀ ಪಾಲಾಕ್ಷಪ್ಪನವರಿಗೆ,

ಫೆಬ್ರವರಿ ಪರೀಕ್ಷೆಗೆ ಹೆಸರು ಕಳಿಸಿದ್ದೇನೆ. ಬೆರಳು ಹದಕ್ಕೆ ಬಂದಿವೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಇಲ್ಲಿ ಚಳಿ ಜೋರಾಗಿದೆ. ಬೆಳಗಿನ ಬ್ಯಾಚಿನವರು ಕೈ ಉಜ್ಜಿಕೊಂಡು ಶುರು ಮಾಡುತ್ತಾರೆ.

ಶಿವಯೋಗಪ್ಪ


ಕೊಟ್ಟೂರು
22 ಫೆಬ್ರವರಿ 1982

ಶ್ರೀ ಪಾಲಾಕ್ಷಪ್ಪನವರಿಗೆ,

ಪರೀಕ್ಷೆ ಮುಗಿಯಿತು. ಫಲಿತಾಂಶಕ್ಕೆ ಕಾಯುವ ಅಗತ್ಯ ನನಗಿಲ್ಲ, ಕನಕಮ್ಮ ಈ ಸಲವೂ ಪಾಸಾಗುವುದಿಲ್ಲ. ಹೇಗೆ ಹೇಳುತ್ತೇನೆ ಎಂಬುದನ್ನು ಕೇಳಿ.

ಟೈಪಿಂಗ್ ಕಲಿಯುವವರ ತಪ್ಪಿಗೆ ಒಂದು ನಡತೆ ಇರುತ್ತದೆ. ಕಿರುಬೆರಳು ಸೋಮಾರಿ, ಉಂಗುರಬೆರಳು ಅದರ ತಮ್ಮ. ತಪ್ಪೆಲ್ಲ ಅವೆರಡರ ಹತ್ತಿರವೇ ಗುಂಪುಗೂಡಿರುತ್ತದೆ. ತೋರುಬೆರಳು ಅಪರೂಪಕ್ಕೆ ತಪ್ಪುತ್ತದೆ. ಹಾಳೆ ನೋಡಿದರೆ ಯಾವ ಬೆರಳು ಬಲಹೀನ ಎಂದು ಕಣ್ಣು ಮುಚ್ಚಿ ಹೇಳಬಹುದು. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಿಮ್ಮ ಮಗಳ ಹಳೆಯ ಹಾಳೆಗಳನ್ನು ಒಟ್ಟಿಗೆ ಹರವಿಕೊಂಡು ಕೂತೆ. ಅವಳ ತಪ್ಪು ಎಲ್ಲ ಬೆರಳಿಗೂ ಸಮನಾಗಿ ಹಂಚಿದೆ. ಹಬ್ಬದ ದಿನ ಮನೆಮನೆಗೆ ಹೋಳಿಗೆ ಹಂಚಿದ ಹಾಗೆ, ಯಾರಿಗೂ ಕಡಿಮೆಯಿಲ್ಲ. ಕಲಿಯಲು ಬಾರದವರ ಕೈಯಲ್ಲಿ ಇದು ಆಗುವ ಮಾತಲ್ಲ. ಕೀಲಿಮಣೆ ಚೆನ್ನಾಗಿ ಬಂದವರು ಬೇಕೆಂದೇ ಮಾಡಿದರೆ ಮಾತ್ರ ಹೀಗಾಗುತ್ತದೆ. ನನಗಿಂತ ಚೆನ್ನಾಗಿ ಟೈಪ್ ಮಾಡಬಲ್ಲವಳಿಗೆ ನಾನು ಮೂರು ತಿಂಗಳು ರಟ್ಟಿನ ಪೆಟ್ಟಿಗೆ ಮುಚ್ಚಿ ಕಲಿಸಿದ್ದೇನೆ.

ಯಾಕೆ ಹೀಗೆ ಮಾಡುತ್ತಾಳೆ ಎಂಬುದಕ್ಕೆ ನನ್ನದೊಂದು ಊಹೆಯಿದೆ, ಊಹೆ ಅಷ್ಟೇ. ಕಳೆದ ಯುಗಾದಿಯ ಹೊತ್ತಿಗೆ ಹೊಳಲಿನಿಂದ ಒಂದು ಸಂಬಂಧ ಬಂದಿತ್ತೆಂದೂ, ಹೆಂಡತಿ ತೀರಿಕೊಂಡ ಗಾದಿಲಿಂಗಪ್ಪ ಎಂಬವರು ಉಡಿಕೆಗೆ ಕೇಳಿದ್ದರೆಂದೂ, ನೀವು ನೌಕರಿಯ ಮಾತು ಹೇಳಿ ವಾಪಸು ಕಳಿಸಿದಿರೆಂದೂ ಕಿವಿಗೆ ಬಿತ್ತು. ಅವರು ಇನ್ನೂ ಬೇರೆ ಕಡೆ ಮಾತಾಡಿಲ್ಲವಂತೆ. ನಿಮ್ಮ ಲೆಕ್ಕದಲ್ಲಿ ನೌಕರಿ ಅಥವಾ ಉಡಿಕೆ, ಎರಡರಲ್ಲಿ ಒಂದು. ನೀವು ಒಂದನ್ನು ಆರಿಸಿದಿರಿ. ಅವಳು ಇನ್ನೊಂದನ್ನು ಆರಿಸಿರಬಹುದು. ಪರೀಕ್ಷೆಗೆ ಹೋಗುವ ಹಿಂದಿನ ದಿನ "ನಿನಗೆ ಸರಿ ಕಂಡಂತೆ ಮಾಡು" ಎಂದಷ್ಟೇ ಹೇಳಿ ಕಳಿಸಿದೆ. ಅವಳಿಗೆ ಸರಿ ಕಂಡದ್ದನ್ನೇ ಮಾಡಿ ಬಂದಿದ್ದಾಳೆ, ಮುಖ ನೋಡಿದರೆ ತಿಳಿಯುತ್ತದೆ.

ಒಮ್ಮೆ ಬಂದು ಅವಳನ್ನೇ ಕೇಳಿ.

ಶಿವಯೋಗಪ್ಪ


ಅರಸೀಕೆರೆ
3 ಮಾರ್ಚ್ 1982

ಮಾಸ್ತರರಿಗೆ,

ನಾನು ನಿಮ್ಮನ್ನ ಟೈಪಿಂಗ್ ಕಲಿಸ್ರಿ ಅಂತ ಕೇಳಿದ್ದೆ, ಮದುವಿ ದಲ್ಲಾಳಿ ಆಗ್ರಿ ಅಂತ ಕೇಳಿರಲಿಲ್ಲ. ಹೊಳಲಿನ ಮಾತು ನಿಮಗ ಯಾರು ಹೇಳಿದ್ರು ಅಂತ ಗೊತ್ತೈತಿ. ಭರಮಮ್ಮನ ಬಾಯಿ ಸಂತಿ ಬಯಲು. ಕಲಿಸಾಕ ಆಗದವರು ಕಲಿಯೋರ ಮ್ಯಾಲೆ ಹಾಕೋದು ಹಳೇ ರೂಢಿ. ಕುಣಿಯಾಕ ಬರದವರು ನೆಲ ಡೊಂಕು ಅಂದ್ರಂತ.

ನನ್ನ ಮಗಳು ನನಗ ಮೋಸ ಮಾಡಾಕಿ ಅಲ್ಲ. ಸಂತಿ ಮರುದಿನ ಬಂದು ಆಕಿನ್ನ ಕರಕೊಂಡು ಹೋಗ್ತೀನಿ. ಹರಪನಹಳ್ಳಿಯಾಗ ಬ್ಯಾರೆ ಕ್ಲಾಸು ಐತಿ.

ಪಾಲಾಕ್ಷಪ್ಪ


ಅರಸೀಕೆರೆ
18 ನವೆಂಬರ್ 1982

ಕೊಟ್ಟೂರಿನ ಶಿವಯೋಗಪ್ಪ ಮಾಸ್ತರರಿಗೆ ಪಾಲಾಕ್ಷಪ್ಪನ ಶರಣು.

ಎಂಟು ತಿಂಗಳಾತು ನಿಮಗ ಬರೆದು. ಸಿಹಿ ಸುದ್ದಿ ಐತಿ, ನಿಮಗ ತಿಳಿಸದಿದ್ರ ತಪ್ಪಾಗ್ತದ. ಕನಕಮ್ಮ ಆಗಸ್ಟ್ ಪರೀಕ್ಷೆಯಾಗ ಪಾಸಾದ್ಲು. ಬರೀ ಪಾಸಲ್ಲ, ಫಸ್ಟ್ ಕ್ಲಾಸು. ಹರಪನಹಳ್ಳಿ ಮಾಸ್ತರ್ರು ಹೊಸಬರು, ವಯಸ್ಸು ಸಣ್ಣದು, ನಿಮ್ಮಷ್ಟು ಅನುಭವ ಇಲ್ಲ. ಅವರ ಕೈಯಾಗ ಆತು. ಯಾರ ಋಣ ಎಲ್ಲಿರ್ತದೋ. ಗಡುವಿನ ಒಳಗ ಆರ್ಡರೂ ಬಂತು. ದೀಪಾವಳಿಗೆ ಮೊದಲ ಹಗರಿಬೊಮ್ಮನಹಳ್ಳಿ ಕಚೇರಿಗೆ ಹಾಜರಾದ್ಲು. ಮೈಲಪ್ಪ ಕೂತ ರೂಮಿನಾಗ ಕೂತಾಳ. ನಾನ ಹೋಗಿ ಬಾಗಿಲಾಗ ನಿಂತು ನೋಡಿ ಬಂದೆ. ಮಂದಿ ಮುಂದ ಕಣ್ಣೀರು ಬಂದ್ವು, ನಾಚಿಕಿ ಆಗ್ಲಿಲ್ಲ.

ಹರಪನಹಳ್ಳಿಗೆ ಹೋದ ಮೊದಲ ಎರಡು ತಿಂಗಳು ಅಲ್ಲೂ ಅದ ಹಾಡು ಇತ್ತು ನೋಡ್ರಿ. ವೈಶಾಖದಾಗ ಹೊಳಲಿನ ಗಾದಿಲಿಂಗಪ್ಪ ಇಟ್ಟಿಗಿ ಊರಿನಾಕಿನ್ನ ಉಡಿಕಿ ಮಾಡಿಕೊಂಡ. ಆ ಸುದ್ದಿ ತಂದವನೂ ನಾನ. ಊಟಕ್ಕ ಕೂತಾಗ ಹೇಳಿದೆ, ಆಕಿ ಇನ್ನೊಂದು ರೊಟ್ಟಿ ಹಾಕಿದ್ಲು. ಮರುದಿನದಿಂದ ಆಕಿ ಓದಿಗೆ ನಿಂತ ರೀತೀನ ಬ್ಯಾರೆ. ಮಷೀನು ಬಿಟ್ಟು ಏಳ್ಲಿಲ್ಲ. ಆ ಮಾಸ್ತರ್ರು 'ಇಂಥ ಬೆರಳು ನಾನು ಕಂಡಿಲ್ಲ' ಅಂದ್ರು. ಅಂದ ಮ್ಯಾಲೆ ನೀವು ಬರೆದದ್ದು ಊಹೆನ ಆತಲ್ಲ? ಮನಸ್ಸಿಗೆ ಒಂದು ಗೊಂದಲ ಇತ್ತು, ಹೋತು.

ಸಿಟ್ಟಿನಾಗ ಬರೆದದ್ದು ಮರತುಬಿಡ್ರಿ.

ಪಾಲಾಕ್ಷಪ್ಪ


ಕೊಟ್ಟೂರು
27 ನವೆಂಬರ್ 1982

ಶ್ರೀ ಪಾಲಾಕ್ಷಪ್ಪನವರಿಗೆ,

ಕಾಗದ ತಲುಪಿತು. ಕನಕಮ್ಮನಿಗೆ ನನ್ನ ಆಶೀರ್ವಾದ ತಿಳಿಸಿ. ಹರಪನಹಳ್ಳಿಯ ಮಾಸ್ತರರಿಗೆ ಅಭಿನಂದನೆ.

ಶಿವಯೋಗಪ್ಪ


ಅರಸೀಕೆರೆ
16 ಜನವರಿ 1983

ಮಾಸ್ತರರಿಗೆ ಶರಣು.

ನೀವು ಎರಡೇ ಸಾಲು ಬರೆದ್ರಿ. ನಿಮ್ಮ ಕಾಗದ ಎಂದೂ ಅಷ್ಟು ಸಣ್ಣದು ಇರಲಿಲ್ಲ. ಚಳಿ ಐತೋ ಇಲ್ಲೋ ಅಂತನಾದ್ರೂ ಬರೀತಿದ್ರಿ. ಅದಕ್ಕ ಕೇಳ್ತೀನಿ.

ಕನಕಮ್ಮ ತಿಂಗಳಿಗೊಮ್ಮೆ ಊರಿಗೆ ಬರ್ತಾಳ. ಪಗಾರದಾಗ ಮನಿಗೆ ಏನು ಬೇಕೋ ತರ್ತಾಳ. ಅವರವ್ವಗ ಸೀರಿ ತಂದಾಳ, ನನಗ ಕಂಬಳಿ ತಂದಾಳ, ನಾನ ಕಂಬಳಿ ನೇಯೋರಿಗೆ ಉಣ್ಣಿ ಮಾರೋನು. ನಕ್ಕೆ. ಆಕಿ ನಗಲಿಲ್ಲ. ಕೇಳಿದ್ದಕ್ಕ ಉತ್ತರ ಕೊಡ್ತಾಳ. ಆದ್ರ ಕೌಂಟರಿನ ಆಚೆ ಕಡೆ ನಿಂತವರಿಗೆ ಕೊಟ್ಟಂಗ ಕೊಡ್ತಾಳ. ಸಣ್ಣಾಕಿದ್ದಾಗ ಕುರಿ ಹಿಂದ ಹೋದ್ರ ದಾರಿ ತುಂಬ ಮಾತಾಡ್ತಿದ್ಲು. ಬಾಯಿ ಮುಚ್ಚವ್ವ, ಕುರಿ ಬೆದರ್ತಾವ ಅಂತಿದ್ದೆ. ಈಗ ನಾನ ಮಾತು ಹುಡುಕ್ತೀನಿ.

ಹೋದ ವಾರ ಆಕಿ ಮುಂದ ಹೊಳಲಿನ ಹೆಸರು ಬಂತು, ಬ್ಯಾರೆ ಯಾವುದೋ ವಿಷಯಕ್ಕ. ಎದ್ದು ಒಳಗ ಹೋದ್ಲು.

ಮಾಸ್ತರ್ರೆ, ಮುಚ್ಚುಮರಿ ಬ್ಯಾಡ. ಹೋದ ವರ್ಷ ನೀವು ಬರೆದದ್ದು ನಿಮ್ಮ ಊಹೆನೋ, ಆಕಿ ಬಾಯಿಂದ ಬಂದ ಮಾತೋ? ನನಗ ಅರವತ್ತು ದಾಟೈತಿ, ಏನು ಹೇಳಿದ್ರೂ ತಡಕೋತೀನಿ.

ಪಾಲಾಕ್ಷಪ್ಪ


ಕೊಟ್ಟೂರು
8 ಫೆಬ್ರವರಿ 1983

ಶ್ರೀ ಪಾಲಾಕ್ಷಪ್ಪನವರಿಗೆ,

ಈ ಕಾಗದ ನೀವೊಬ್ಬರೇ ಓದಿ.

'ಊಹೆ' ಎಂದು ಬರೆದು ಮುಗಿಸಿಬಿಡಬಹುದಿತ್ತು. ಮೂರು ವಾರ ಹಾಗೆಯೇ ಯೋಚಿಸಿದೆ. ಆದರೆ ಈ ನಡುವೆ ಕನಕಮ್ಮ ನಮ್ಮ ಕ್ಲಾಸಿಗೆ ಬಂದಿದ್ದಳು. ಅವಳು ಹೇಳಿದ್ದು ಕೇಳಿದ ಮೇಲೆ ಮುಚ್ಚಿಡಲು ಮನಸ್ಸಾಗಲಿಲ್ಲ, ಎಲ್ಲವನ್ನೂ ಬರೆಯುತ್ತೇನೆ.

ಅವಳ ಬಾಯಿಂದಲೇ ಬಂದ ಮಾತು. ಭರಮಮ್ಮನವರ ಮೇಲೆ ನೀವು ಸುಮ್ಮನೆ ಸಿಟ್ಟಾದಿರಿ. ಕಳೆದ ವರ್ಷ ಜನವರಿಯಲ್ಲಿ ಅವಳ ಹಾಳೆಗಳನ್ನು ಮುಂದಿಟ್ಟು "ಇದು ಯಾವ ಬೆರಳಿನ ತಪ್ಪು ಹೇಳಮ್ಮ" ಎಂದು ಕೇಳಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ಮೊದಲ ಸಲ ನನ್ನೆದುರು ನಕ್ಕಳು. "ಸಿಕ್ಕಿಬಿದ್ದೆ ಅಲ್ರಿ ಸರ" ಎಂದಳು.

"ನಿಮ್ಮಪ್ಪನಿಗೆ ಒಲ್ಲೆ ಅಂತ ಹೇಳಬಹುದಿತ್ತಲ್ಲ?"

"ಒಲ್ಲೆ ಅಂದ್ರ ಅಪ್ಪ ಊಟ ಬಿಡ್ತಾನ್ರಿ. ಫೇಲಾದ್ರ ದೇವರನ್ನ ಬೈತಾನ. ದೇವರಿಗೆ ರೂಢಿ ಐತಿ."

ಹೊಳಲಿನವರಲ್ಲಿ ಏನು ಕಂಡೆ ಎಂದು ಕೇಳಿದೆ. ಕೇಳಬಾರದಿತ್ತು, ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನನ್ನ ಗಂಡ ಒಳ್ಳೇವ್ರ ಇದ್ರು ಸರ. ಆದ್ರ ಅವರು ಹೋದ ಮ್ಯಾಲೆ ನನ್ನ ಮುಂದ ಎಲ್ಲರೂ ಅವರ ಮಾತ ಆಡ್ತಾರ. ಅಪ್ಪ, ಭರಮಮ್ಮತ್ತಿ, ನೀವೂ ಆಡಿದ್ರಿ. ಹೊಳಲಿನವರು ಬಂದ ದಿನ ನಿಮ್ಮ ಕಡೆ ಮಳಿ ಹೆಂಗ ಅಂತ ಕೇಳಿದ್ರು, ಕುರಿಗೆ ಏನು ಹಾಕ್ತೀರಿ ಅಂತ ಕೇಳಿದ್ರು. ನಾನು ಅರ್ಧ ತಾಸು ಮಳಿ ಮಾತಾಡಿದೆ. ಈಗ ಪಾಸಾದ್ರ ರಿಟೈರ್ ಆಗೋ ತನಕ ನಾನು ಮೈಲಪ್ಪನ ಹೆಂಡ್ತಿ ಆಗೇ ಕುರ್ಚಿ ಮ್ಯಾಲೆ ಕೂರಬೇಕಲ್ರಿ."

ಯಾರಿಗೂ ಹೇಳಬೇಡಿ ಅಂದಳು. ಅದಕ್ಕೇ ನಿಮಗೆ ಊಹೆ ಎಂದು ಬರೆದೆ. ಪರೀಕ್ಷೆಯ ವಿಷಯದಲ್ಲಿ ಅವಳನ್ನು ಅವಳ ಪಾಡಿಗೆ ಬಿಟ್ಟೆ. ನನ್ನ ಹಠ ಬಿಟ್ಟು ಒಬ್ಬ ವಿದ್ಯಾರ್ಥಿನಿ ಫೇಲಾಗಲು ಒಪ್ಪಿದೆನಲ್ಲ ಎಂದು ಒಳಗೊಳಗೇ ಹೆಮ್ಮೆಯಾಗಿತ್ತು. ಈಗ ಅದರ ಬೆಲೆ ಕೇಳಿ.

ಕಳೆದ ಭಾನುವಾರ ಬಂದಳು. ಅವಳ ಕಚೇರಿಯಲ್ಲಿ ಅಂಜಿನಕ್ಕ ಎಂಬ ಹಿರಿಯ ಗುಮಾಸ್ತೆ ಇದ್ದಾರಂತೆ. ಅವರೂ ಹೀಗೆಯೇ ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದವರು. ಊಟದ ಡಬ್ಬಿ ಬಿಚ್ಚುವಾಗ ಕೇಳಿದರಂತೆ, "ಯಾಕವ್ವ, ಇನ್ನೂ ಹಿಂಗ ಅದಿ? ಉಡಿಕಿ ಆಗಬಾರದೇನು? ಆರ್ಡರ್ ಕೈಗೆ ಬಂದ ಮರುವರ್ಷ ನಾನು ಆದೆ. ಮದುವಿ ಆಗಿಲ್ಲ ಅಂತ ಬರಕೊಡೋದು ನೌಕರಿಗೆ ಹಾಜರಾಗೋ ದಿನದ ತನಕದ ಮಾತು. ಆಮ್ಯಾಲೆ ನಿನ್ನನ್ನ ಕೇಳೋರು ಯಾರು?"

ಕನಕಮ್ಮ ಇದನ್ನು ನನಗೆ ಹೇಳುವಾಗ ಅಳಲಿಲ್ಲ. ಹೇಳಿ ಮುಗಿಸಿ, "ಮೊದಲ ಪರೀಕ್ಷೆಯಾಗ ಪಾಸ್ ಮಾಡಿದ್ರ ಆಗಿತ್ತಲ್ರಿ ಸರ. ಹೊಳಲಿನವರು ಒಂದು ವರ್ಷ ಕಾದಿದ್ರು" ಎಂದಳು.

ಲೆಕ್ಕ ಅಷ್ಟೇ ನೋಡಿ. ಒಂದೂವರೆ ವರ್ಷದ ಹಿಂದೆ ಪಾಸಾಗಿದ್ದರೆ ವೈಶಾಖಕ್ಕೆ ಮೊದಲೇ ನೌಕರಿ, ವೈಶಾಖದಲ್ಲಿ ಹೊಳಲು. ಎರಡೂ ಅವಳದಾಗುತ್ತಿದ್ದವು. ನೀವು ಒಂದು ಅರ್ಜಿಯ ಸಾಲನ್ನು ದೇವರ ಮುಂದಿನ ಭಾಷೆ ಅಂದುಕೊಂಡಿರಿ. ಅವಳು ನಿಮ್ಮನ್ನು ನಂಬಿ ಬೇಕೆಂದೇ ತಪ್ಪು ಹೊಡೆದಳು. ನಾನು ಇಬ್ಬರನ್ನೂ ನಂಬಿದೆ. ನಿಮ್ಮಿಬ್ಬರಿಗೆ ಗೊತ್ತಿಲ್ಲದ್ದು ತಪ್ಪಲ್ಲ. ನಾನು ಇಷ್ಟು ವರ್ಷ ಸರಕಾರಿ ಸುತ್ತೋಲೆಗಳನ್ನು ಹುಡುಗರ ಕೈಲಿ ಹೊಡೆಸಿದವನು. 'ಅರ್ಥ ಓದಬೇಡಿ, ಅಕ್ಷರ ನೋಡಿ, ಅರ್ಥ ಓದಿದರೆ ಕೈ ನಿಧಾನವಾಗುತ್ತದೆ' ಎಂದು ಮೊದಲ ದಿನವೇ ಕಲಿಸುವವನು. ಹಗರಿಬೊಮ್ಮನಹಳ್ಳಿ ಎಷ್ಟು ದೂರ? ಒಂದು ಬಸ್ಸು ಹತ್ತಿ ಹೋಗಿ ಆ ಮಾತು ಎಲ್ಲಿಯ ತನಕ ಎಂದು ಕೇಳಬಹುದಿತ್ತು. ಕೇಳುವುದು ನನಗೆ ಹೊಳೆಯಲೇ ಇಲ್ಲ. ನಾನು ಬರಿಯ ಗಟ್ಟಿ ಮಾಸ್ತರನಾಗಿ ಬೆತ್ತ ಹಿಡಿದು ಮೊದಲ ಸಲವೇ ಪಾಸು ಮಾಡಿಸಿದ್ದರೆ ಅವಳು ಇವತ್ತು ಹೊಳಲಿನಿಂದ ಕಚೇರಿಗೆ ಹೋಗಿ ಬರುತ್ತಿದ್ದಳು. ತಾಳಿದವನು ಬಾಳಿಯಾನು ಅನ್ನುತ್ತಾರೆ. ನಾನು ತಾಳಿದೆ, ಬಾಳು ಹೋದದ್ದು ಅವಳದು. ಇದರಿಂದ ನನಗೆ ನೋವಾಗಿದೆ, ಪಾಲಾಕ್ಷಪ್ಪನವರೇ. ಬೇರೆ ಮಾತಿನಲ್ಲಿ ಬರೆಯಲು ನನಗೆ ಬರುವುದಿಲ್ಲ.

ಆದದ್ದು ಆಯಿತು. ಈಗ ಅವಳಿಗೆ ಅಡ್ಡಿಯೇನೂ ಇಲ್ಲ. ಇಪ್ಪತ್ತಾರು ವಯಸ್ಸು. ಮುಂದೆ ಏನು ಮಾಡುವುದೆಂದು ನಾನು ಹೇಳುವುದಿಲ್ಲ, ಒಮ್ಮೆ ದಲ್ಲಾಳಿ ಅನ್ನಿಸಿಕೊಂಡದ್ದು ಸಾಕು.

ಶಿವಯೋಗಪ್ಪ


ಅರಸೀಕೆರೆ
6 ಮಾರ್ಚ್ 1983

ಶಿವಯೋಗಪ್ಪ ಮಾಸ್ತರರಿಗೆ ಪಾಲಾಕ್ಷಪ್ಪನ ಶರಣು.

ಅಕ್ಷರ ದುಂಡಗ ಅದಾವ, ನನ್ನವಲ್ಲ ಅಂತ ನಿಮಗ ಗೊತ್ತಾಗಿರಬೇಕು. ಹರಪನಹಳ್ಳಿಯಾಗ ಕಣ್ಣಿನ ಕ್ಯಾಂಪು ನಡೀತು. ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಒಂದು ತಗದಾರ, ಎರಡಕ್ಕೂ ಪಟ್ಟಿ ಕಟ್ಟಿ ಮನಿಗೆ ಕಳಿಸ್ಯಾರ. ಕನಕಮ್ಮ ರಜಾ ಹಾಕಿ ಬಂದಾಳ. ನಾನು ಹೇಳ್ತೀನಿ, ಆಕಿ ಬರೀತಾಳ.

ನಿಮ್ಮ ಕಾಗದ ಬಂದದ್ದು ಕಣ್ಣು ಕಟ್ಟಿದ ಮ್ಯಾಲೆ. ಮಾಸ್ತರರದು ಅಂದ್ಲು. ಓದವ್ವ ಅಂದೆ. 'ಈ ಕಾಗದ ನೀವೊಬ್ಬರೇ ಓದಿ' ಅಂತ ಆಕಿನ ಓದಿದ್ಲು. ಓದಿ ನಿಂತ್ಲು. ನಿಲ್ಲಿಸಲೇನಪ್ಪ ಅಂತ ಕೇಳಿದ್ಲು. ನನಗ ಒಳಗೊಳಗ ಗೊತ್ತಿತ್ತು, ಆದ್ರೂ ಓದು ಅಂದೆ. ಆಕಿ ಒಂದು ಅಕ್ಷರ ಬಿಡದಂಗ ಓದಿದ್ಲು. ತಾನು ಆಡಿದ ಮಾತನ್ನೂ ಬ್ಯಾರೆಯವರ ಮಾತು ಓದಿದಂಗ ಓದಿದ್ಲು. ಊಟ ಬಿಡ್ತಾನ, ದೇವರನ್ನ ಬೈತಾನ ಅನ್ನೋದನ್ನೂ ಓದಿದ್ಲು. ಮಳಿ ಮಾತು ಬಂದಾಗ ಮಾತ್ರ ದನಿ ಸ್ವಲ್ಪ ತಗ್ಗಿತು.

ಕಣ್ಣು ಕಟ್ಟಿದ್ದು ಚಲೋ ಆತು ಮಾಸ್ತರ್ರೆ. ಆಕಿ ಮುಖ ನೋಡೋ ಶಕ್ತಿ ನನಗಿರಲಿಲ್ಲ. ಪಟ್ಟಿ ಒದ್ದಿ ಆತು. ಡಾಕ್ಟರ್ರು ಅಳಬಾರದು ಅಂದಿದ್ರು, ಮರುದಿನ ತೋರಿಸಾಕ ಹೋದಾಗ ಬೈದು ಹೊಸಾ ಪಟ್ಟಿ ಕಟ್ಟಿದ್ರು.

ಗಂಡು ಸಾಯ್ತಾನ, ಸರಕಾರ ಸಾಯಂಗಿಲ್ಲ ಅಂತ ನಾನು ಎಲ್ಲರ ಮುಂದ ಹೇಳಿಕೊಂಡು ತಿರುಗಿದೆ. ಸರಕಾರ ಮಳಿ ಹೆಂಗೈತಿ ಅಂತ ಕೇಳಂಗಿಲ್ಲ ಅನ್ನೋದು ನನ್ನ ತಲಿಗೆ ಬರಲಿಲ್ಲ. ತಪ್ಪು ನನ್ನದು. ನಿಮ್ಮದು ಏನೂ ಇಲ್ಲ. ಇದನ್ನ ಬರೀವಾಗ ಕನಕಮ್ಮ 'ಮೂರು ಮಂದಿದೂ ಅಂತ ಬರೀಲೇನು' ಅಂತ ಕೇಳ್ತಾಳ. ಬರೀಲಿ.

ಮೂರು ದಿನ ಆದ ಮ್ಯಾಲೆ ಧೈರ್ಯ ಮಾಡಿ ಕೇಳಿದೆ. 'ಕನಕವ್ವ, ನಾಳೆ ಯಾರರ ಎಲಿ ಅಡಿಕಿ ಹಿಡಕೊಂಡು ಬಾಗಿಲಿಗೆ ಬಂದ್ರ ನಾನು ಏನು ಹೇಳ್ಲಿ?' ಆಕಿ ಹಿಟ್ಟು ನಾದ್ತಿದ್ಲು. ನಾದೋ ಸಪ್ಪಳ ನಿಂತಿತು. ಎದ್ದು ಹೋದ್ಲೋ ಏನೋ ಅನ್ಕೊಂಡೆ.

ಹೋಗಿರಲಿಲ್ಲ. 'ಚಾಪಿ ಹಾಕು, ನೀರು ಕೊಡು. ಉತ್ತರ ನೀ ಹೇಳಬ್ಯಾಡ, ನನ್ನ ಕರಿ' ಅಂದ್ಲು.

ಇದನ್ನೂ ಬರಿಯವ್ವ ಅಂದೆ. ಬರದಾಳ.

ಪಾಲಾಕ್ಷಪ್ಪ